ಗೀರು ಬೀಳದ ಗಾಡಿ

ನನ್ನ ಅಕ್ಕನ ಗಂಡನಿಗೆ ಗಾಡಿ ಓಡಿಸುವವರ ನಡುವೆ ಇದ್ದ ಹೆಸರು ಗೀರಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ನಾನು ಭಾವ ಎನ್ನುತ್ತಿದ್ದೆ, ಅಕ್ಕ 'ರೀ' ಎನ್ನುತ್ತಿದ್ದಳು, ಮಿಕ್ಕವರಿಗೆಲ್ಲ ಅವರು ಗೀರಪ್ಪ. ನಿಂತ ಗಾಡಿಯ ಸುತ್ತ ದಿನಕ್ಕೆ ಹತ್ತು ಸಲ ತಿರುಗಿ, ಬಗ್ಗಿ, ಎಲ್ಲಿ ಗೀರು ಬಿದ್ದಿದೆ ಎಂದು ಹುಡುಕುವ ಮನುಷ್ಯನಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು?

ಆ ಚಟ ಅವರು ತಾವಾಗಿ ಹಚ್ಚಿಕೊಂಡದ್ದಲ್ಲ. ಇಪ್ಪತ್ತಮೂರು ವರ್ಷ ಒಂದು ಗಾಜಿನ ಅಂಗಡಿಯ ಗಾಡಿ ಓಡಿಸಿದರು. ಸಂಜೆ ಗಾಡಿ ಬಂದು ನಿಂತೊಡನೆ ಅಂಗಡಿಯ ಯಜಮಾನ ಒಳಗಿಂದ ಎದ್ದು ಬರುತ್ತಿದ್ದ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಿರುಬೆರಳಿನ ಉಗುರನ್ನು ಬಣ್ಣದ ಮೇಲೆ ಎಳೆಯುತ್ತ ಗಾಡಿಯ ಉದ್ದಕ್ಕೂ ನಡೆಯುತ್ತಿದ್ದ. ಉಗುರು ಎಲ್ಲಾದರೂ ತಡೆದರೆ ಕತೆ ಮುಗಿಯಿತು. "ಇದೇನು, ನಿಮ್ಮಪ್ಪನ ಗಾಡಿ ಅಂದ್ಕೊಂಡ್ಯಾ?" ಎಂದು ನಾಲ್ಕು ಜನರೆದುರು ಕೇಳುತ್ತಿದ್ದ. ಭಾವ ತಲೆ ತಗ್ಗಿಸಿ ನಿಂತಿರುತ್ತಿದ್ದರು. ಒಂದು ಸಲ ಕಿಟಕಿ ಗಾಜು ಜಾರಿ ಅವರ ಅಂಗೈ ಸೀಳಿ ರಕ್ತ ತೊಟ್ಟಿಕ್ಕುತ್ತಿದ್ದಾಗಲೂ ಆ ಪುಣ್ಯಾತ್ಮ ಉಗುರು ಎಳೆಯುವುದನ್ನು ಬಿಡಲಿಲ್ಲವಂತೆ. ಅದನ್ನು ಭಾವ ನಗುತ್ತ ಹೇಳುತ್ತಿದ್ದರು, ಅಕ್ಕ ಮಾತ್ರ ನಗುತ್ತಿರಲಿಲ್ಲ.

ಹಾಗಾಗಿ ಐವತ್ತರ ಹೊಸ್ತಿಲಲ್ಲಿ ಸ್ವಂತ ಪಿಕಪ್ ಕೊಂಡ ದಿನ ಅವರು ಅದನ್ನು ಮನೆಗೂ ತೆಗೆದುಕೊಂಡು ಹೋಗದೆ ನೇರವಾಗಿ ನನ್ನ ಅಂಗಡಿಗೆ ತಂದರು. ನನ್ನದು ಗಾಡಿಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ. ಎರಡು ಹೊಲಿಗೆ ಮಿಷನ್ನು, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಮೇಲೆ ಮೊಳೆಗೆ ನೇತುಹಾಕಿದ ಮ್ಯಾಟು, ಮಡ್ ಫ್ಲಾಪು, ಕನ್ನಡಿ, ಹಾರನ್ನು. ಒಳಗೆ ಇಬ್ಬರು ಒಟ್ಟಿಗೆ ತಿರುಗಿದರೆ ಮೊಣಕೈ ತಾಗುತ್ತದೆ. ನನಗೆ ಹೊಲಿಗೆ ಕಲಿಸಿದವಳು ಅಕ್ಕನೇ. ಸೊಟ್ಟ ಹೋದ ಹೊಲಿಗೆಯನ್ನು ಮಾತಿಲ್ಲದೆ ಬಿಚ್ಚಿ ನನ್ನ ಮಡಿಲಿಗೆ ಎಸೆಯುತ್ತಿದ್ದಳು. ಮುಗಿಸಿದ ಬಟ್ಟೆಯನ್ನು ಮೊದಲು ತಿರುವಿ ಒಳಮೈ ನೋಡುವುದು ಅವಳ ಪದ್ಧತಿ. ನನ್ನ ಹೊಲಿಗೆ ನೇರ ಇದೆ ಎಂದು ಅವಳ ಬಾಯಲ್ಲಿ ಒಂದು ದಿನವೂ ಕೇಳಿದವನಲ್ಲ ನಾನು.

"ಏನೇನು ಇದೆಯೋ ಎಲ್ಲಾ ಹಾಕು. ಇದರ ಮೈಮೇಲೆ ಒಂದು ಗೀರು ಬೀಳಬಾರ್ದು, ಅಷ್ಟೇ ನಂಗೆ ಬೇಕಾಗಿರೋದು," ಎಂದರು ಭಾವ.

ಮೂರು ದಿನ ನಮ್ಮಿಬ್ಬರಿಗೂ ಅದೇ ಕೆಲಸ. ಮುಂದೆ ಕಬ್ಬಿಣದ ಗಾರ್ಡು ಬೇಕೋ ಸ್ಟೀಲಿನದು ಬೇಕೋ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡರು. ಕೊನೆಗೆ ಸ್ಟೀಲಿನದು ಹಾಕಿಸಿ, ಅದಕ್ಕೂ ಗೀರು ಬಿದ್ದೀತೆಂದು ರಬ್ಬರ್ ಪಟ್ಟಿ ಸುತ್ತಿಸಿದರು. ಹಿಂದೆ ಸಾಮಾನು ಹೇರುವ ತಳಕ್ಕೆ ದಪ್ಪ ರಬ್ಬರ್ ಹಾಸು, ಅದರ ಮೇಲೆ ಇನ್ನೊಂದು ತೆಳು ಹಾಸು. ಗಾಡಿಯ ಅಡಿಭಾಗಕ್ಕೆ ತುಕ್ಕು ಹಿಡಿಯದಂತೆ ಕಪ್ಪು ಲೇಪ. ಬಾಗಿಲ ಅಂಚಿಗೆ ಪಟ್ಟಿ, ಬಾಗಿಲ ಹಿಡಿಯ ಕೆಳಗೆ ಉಗುರು ತಾಗದಂತೆ ಪಾರದರ್ಶಕ ಅಂಟುಹಾಳೆ. ಮಳೆ ಬಂದರೆ ತಾಡಪಾಲು, ಬಿಸಿಲು ಬಂದರೆ ಹೊದಿಕೆ. "ಭಾವ, ಗಾಡಿಗೆ ಸ್ವೆಟರ್ ಒಂದು ಬಾಕಿ ಉಳೀತು," ಎಂದೆ. "ಇದ್ರೆ ತೋರ್ಸು," ಎಂದರು, ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಒಂದೇ ಒಂದು ವಸ್ತು ಮಾತ್ರ ಗಾಡಿಗಲ್ಲದೆ ಮನುಷ್ಯರಿಗೆಂದು ಕೊಂಡರು. ಡ್ಯಾಶ್‌ಬೋರ್ಡಿನ ಮೇಲೆ ಕೂರಿಸುವ ಚಿಕ್ಕ ಫ್ಯಾನು. ಪಕ್ಕದ ಸೀಟು ಅಕ್ಕನದು, ಇನ್ನು ಮುಂದೆ ಇಬ್ಬರೂ ಸೇರಿ ಬಾಡಿಗೆ ಹೊಡೆಯುವುದೆಂದು ಎಂದೋ ಮಾತಾಗಿತ್ತು. "ಅವಳಿಗೆ ಸೆಖೆ ತಡೆಯಲ್ಲ," ಎಂದು ತಾವೇ ನಿಂತು ಅವಳ ಸೀಟಿನೆದುರು ಅದರ ಕಬ್ಬಿಣದ ಕಾಲನ್ನು ಸ್ಕ್ರೂ ಹಾಕಿ ಬಿಗಿದರು.

ಕೊನೆಗೆ ಸೀಟ್ ಕವರಿನ ಸರದಿ. ಕಾಫಿ ಬಣ್ಣದ ರೆಕ್ಸಿನ್ನು, ಬಿಳಿ ದಾರದ ಹೊಲಿಗೆ. ಪಕ್ಕದ ಸೀಟಿನ ಬೆಲ್ಟ್ ಸಿಕ್ಕಿಸುವ ಬಕಲ್ಲನ್ನು ಭಾವ ಬೆರಳಲ್ಲಿ ಅಲ್ಲಾಡಿಸಿ ನೋಡಿದರು.

"ಇದು ಉಜ್ಜಿ ಉಜ್ಜಿ ರೆಕ್ಸಿನ್ ಹರಿದುಬಿಡುತ್ತಲ್ಲೋ. ಏನ್ ಮಾಡ್ತೀಯ?"

"ಎಲ್ಲರಿಗೂ ಮಾಡೋದೇ, ಭಾವ. ಒಳಗೆ ತಳ್ಳಿ ಮೇಲೆ ಹೊಲಿದುಬಿಡ್ತೀನಿ. ಪಕ್ಕದ ಸೀಟಿನ ಬೆಲ್ಟು ಯಾರ್ ಹಾಕ್ತಾರೆ?"

"ಅವಳು ಕೂತ್ರೆ ಪೀಂ ಪೀಂ ಅಂತ ಬಡ್ಕೊಳ್ಳುತ್ತಲ್ಲ ಗಾಡಿ?"

"ಅದಕ್ಕೂ ಮದ್ದಿದೆ," ಎಂದು ಡ್ರಾಯರಿನಿಂದ ಒಂದು ಕ್ಲಿಪ್ಪು ತೆಗೆದೆ. ಹೆಬ್ಬೆರಳಿನಷ್ಟು ಉದ್ದದ ಕಬ್ಬಿಣದ ತುಂಡು, ಬೆಲ್ಟಿನ ತುದಿಯ ಹಾಗೆಯೇ ಇರುತ್ತದೆ, ಬೆಲ್ಟು ಮಾತ್ರ ಇರುವುದಿಲ್ಲ. ಬಕಲ್ಲಿಗೆ ಅದನ್ನು ಸಿಕ್ಕಿಸಿದರೆ ಬೆಲ್ಟು ಬಿಗಿದಿದೆಯೆಂದು ನಂಬಿ ಗಾಡಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಂಥವು ನನ್ನ ಅಂಗಡಿಯಲ್ಲಿ ದಿನಕ್ಕೆ ನಾಲ್ಕಾದರೂ ಹೋಗುತ್ತಿದ್ದವು. ಮನೆಯವರೆಂದು ಇದನ್ನು ಪುಕ್ಕಟೆ ಕೊಟ್ಟೆ. ಟಕ್ ಎಂದು ಸಿಕ್ಕಿಸಿ, ಬಕಲ್ಲನ್ನು ಸೀಟಿನ ಸಂದಿಗೆ ತಳ್ಳಿ, ಮೇಲೆ ರೆಕ್ಸಿನ್ ಎಳೆದು ಹೊಲಿದೆ. ಉಬ್ಬು ಕೂಡ ಕಾಣಲಿಲ್ಲ. ನನ್ನ ಕೆಲಸಕ್ಕೆ ನಾನೇ ತಲೆದೂಗಿದೆ.

ಸಂಜೆ ಅಕ್ಕ ಬಂದಳು. ಸೀಟಿನ ಮೇಲೆ ಕೂತು, ಫ್ಯಾನು ಹಾಕಿಸಿಕೊಂಡು, ಹೊಸ ಗಾಡಿಯ ವಾಸನೆ ಎಳೆದುಕೊಂಡಳು. ಆಮೇಲೆ ಹೆಗಲ ಪಕ್ಕದ ಬೆಲ್ಟ್ ಎಳೆದು, ಅದರ ತುದಿ ಹಿಡಿದು, ಸೀಟಿನ ಮೇಲೆಲ್ಲ ತಡಕಾಡಿದಳು.

"ಇದನ್ನ ಎಲ್ಲಿಗೋ ಸಿಕ್ಕಿಸೋದು?"

"ಅದು ಬೇಕಾಗಲ್ಲಕ್ಕಾ. ಪೊಲೀಸ್ ಕಂಡ್ರೆ ಸುಮ್ನೆ ಎಳ್ಕೊಂಡು ಕೈಯಲ್ಲಿ ಹಿಡ್ಕೊ."

"ಮತ್ತೆ ಮಾಡಿರೋದ್ಯಾಕೆ?"

"ಕಂಪನಿಯವರು ಏನೇನೋ ಮಾಡಿರ್ತಾರೆ ಬಿಡು," ಎಂದೆ. ಈ ಮಾತು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಗಾಡಿ ರಸ್ತೆಗಿಳಿಯಿತು, ಆದರೆ ಗೀರಪ್ಪನಿಗೆ ಸರಿಹೊಂದುವ ಲೋಡು ಸಿಗಬೇಕಲ್ಲ. ಕಬ್ಬಿಣ ಬೇಡ, ಇಟ್ಟಿಗೆ ಬೇಡ, ಮರದ ಬೀರು ಅಂತೂ ಬೇಡವೇ ಬೇಡ, ಅದರ ಮೂಲೆ ತಾಗುತ್ತದೆ. ಬಾಡಿಗೆಗೆ ಬಂದವರ ಸಾಮಾನನ್ನು ಮೊದಲು ಮುಟ್ಟಿ ನೋಡಿ, ಗಟ್ಟಿ ಇದ್ದರೆ ವಾಪಸ್ ಕಳಿಸುತ್ತಿದ್ದರು. ಕಡೆಗೆ ಒಂದು ಹಾಸಿಗೆ ಅಂಗಡಿಯ ಕೆಲಸ ಹಿಡಿದರು. ಹಾಸಿಗೆ, ದಿಂಬು, ಸ್ಪಂಜು. ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರುಗಳು ನಕ್ಕು ನಕ್ಕು ಸುಸ್ತಾದರು. ಅಕ್ಕ ಒಂದು ತುದಿ, ಭಾವ ಒಂದು ತುದಿ ಹಿಡಿದು ಗಿರಾಕಿಗಳ ಮನೆಗೆ ಹಾಸಿಗೆ ಇಳಿಸಿ ಬರುತ್ತಿದ್ದರು. ಅಕ್ಕನಿಗೆ ಆ ಒಂದು ವರ್ಷ ಇದ್ದಷ್ಟು ಖುಷಿ ನಾನು ಹಿಂದೆ ಕಂಡಿರಲಿಲ್ಲ. ಪೊಲೀಸ್ ಇರಲಿ ಬಿಡಲಿ, ಗಾಡಿ ಹತ್ತಿದರೆ ಇಳಿಯುವವರೆಗೆ ಬೆಲ್ಟನ್ನು ಮೈಮೇಲೆ ಎಳೆದುಕೊಂಡು ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದಳಂತೆ. ಮಾಡಿಟ್ಟ ಮೇಲೆ ಏನಾದರೂ ಉಪಯೋಗ ಇದ್ದೇ ಇರಬೇಕು ಎನ್ನುವುದು ಅವಳ ಲೆಕ್ಕ.

ಅವತ್ತು ಮಧ್ಯಾಹ್ನ ಹದಿನೆಂಟು ಹಾಸಿಗೆ ಹೇರಿಕೊಂಡು ಹೊರಟಿದ್ದರು. ಸಂದಿಯೊಂದರಿಂದ ಕಬ್ಬಿಣದ ಪೈಪು ತುಂಬಿದ ತಳ್ಳುಗಾಡಿ ಏಕಾಏಕಿ ರಸ್ತೆಗೆ ನುಗ್ಗಿತು. ಭಾವ ಬ್ರೇಕಿನ ಮೇಲೆ ನಿಂತೇಬಿಟ್ಟರು. ಪೈಪಿನ ತುದಿಗೂ ಗಾರ್ಡಿಗೂ ನಾಲ್ಕು ಬೆರಳು ಅಂತರ ಉಳಿಯಿತು.

ಮುಂದಿನದನ್ನು ನನಗೆ ಹೇಳಿದವನು ಆ ತಳ್ಳುಗಾಡಿಯವನು, ಆಸ್ಪತ್ರೆಯ ಬಾಗಿಲಲ್ಲಿ. "ನಿಮ್ಮ ಭಾವ ಇಳಿದ್ರು ಸ್ವಾಮಿ. ಇಳಿದವ್ರು ಗಾಡಿ ಮುಂದಕ್ಕೆ ಬಂದು, ಬಗ್ಗಿ, ಬಂಪರ್ ಸವರಿ ನೋಡಿದ್ರು. ಆ ಕಡೆ ಈ ಕಡೆ ಎರಡೂ ನೋಡಿದ್ರು. ಆಮೇಲೆ ನಾನೇ ಕೂಗ್ದೆ, ಒಳಗೆ ಹೆಂಗಸಿದ್ದಾರೆ ನೋಡ್ರಿ ಅಂತ."

ಒಳಗೆ ಅಕ್ಕ ಕೂತೇ ಇದ್ದಳು. ಫ್ಯಾನಿನ ಕಬ್ಬಿಣದ ಕಾಲು ಅವಳ ಎಡಗಣ್ಣನ್ನು ತೆಗೆದುಕೊಂಡಿತ್ತು. ಬೆಲ್ಟಿನ ತುದಿ ಇನ್ನೂ ಮುಷ್ಟಿಯಲ್ಲಿತ್ತು.

ಡಾಕ್ಟರಮ್ಮ ಕಾಗದದಿಂದ ತಲೆ ಎತ್ತದೆ ಕೇಳಿದರು: "ಬೆಲ್ಟ್ ಹಾಕಿರಲಿಲ್ವಾ?"

"ಹಿಡ್ಕೊಂಡಿದ್ದೆ," ಎಂದಳು ಅಕ್ಕ, ಅರ್ಧ ಮುಖಕ್ಕೆ ಬಟ್ಟೆ ಸುತ್ತಿಸಿಕೊಂಡು.

"ಹಿಡ್ಕೊಳ್ಳೋದಾ? ಏನಮ್ಮಾ ನೀವು, ಚಿಕ್ಕ ಮಕ್ಕಳ ಹಾಗೆ!" ಎಂದು ಬೈದರು. ಬೈಗುಳಕ್ಕೆ ಹಕ್ಕುದಾರರಿಬ್ಬರು ಮಂಚದ ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದೆವು. ಒಬ್ಬರ ಮುಖ ಒಬ್ಬರು ನೋಡಿದೆವು, ಆಮೇಲೆ ಇಬ್ಬರೂ ಗೋಡೆ ನೋಡಿದೆವು.

ಅಕ್ಕ ಮನೆಗೆ ಬಂದಳು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲವಂತೆ, ನೀರು ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಸೂಜಿಗೆ ದಾರ ಪೋಣಿಸಲು ಕೂತು, ಹತ್ತಾರು ಸಲ ತಪ್ಪಿ, ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ನನಗೆ ಭಾವನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು. ಹೆಂಡತಿಯ ಮುಖಕ್ಕಿಂತ ಮೊದಲು ಬಂಪರ್ ನೋಡಿದ ಗಂಡಸು ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದೆ. ಕ್ಲಿಪ್ಪಿನ ವಿಷಯ ಒಬ್ಬರಿಗೂ ಹೇಳಲಿಲ್ಲ. ಹಾಗೆ ಹೇಳಿಕೊಂಡು ತಿರುಗುವುದು ನನಗೆ ಎಷ್ಟು ಅನುಕೂಲವಾಗಿತ್ತು ಎನ್ನುವುದು ಆಗ ನನಗೂ ಗೊತ್ತಿತ್ತು.

ಮೂರು ತಿಂಗಳಾದ ಮೇಲೆ ಭಾವ ಗಾಡಿಯನ್ನು ಅಂಗಡಿ ಮುಂದೆ ತಂದು ನಿಲ್ಲಿಸಿದರು. ಫ್ಯಾನು ಇರಲಿಲ್ಲ, ಸ್ಕ್ರೂ ಹಾಕಿದ ಎರಡು ತೂತು ಮಾತ್ರ ಇದ್ದವು.

"ಬಿಚ್ಚು," ಎಂದರು.

ಬ್ಲೇಡಿನಿಂದ ಬಿಳಿ ದಾರ ಕುಯ್ದೆ. ಎರಡೆಳೆ ದಾರದಲ್ಲಿ ಒತ್ತಾಗಿ ಹೊಲಿದಿದ್ದೆ, ಸುಲಭಕ್ಕೆ ಬಿಡಲಿಲ್ಲ. ಸಂದಿಗೆ ಕೈ ಹಾಕಿ ಬಕಲ್ಲನ್ನು ಮೇಲಕ್ಕೆ ಎಳೆದೆ. ಕ್ಲಿಪ್ಪು ಅದರ ಬಾಯಲ್ಲಿ ಇಟ್ಟ ಹಾಗೇ ಇತ್ತು, ಅದರ ಮೇಲೂ ಒಂದು ಗೀರಿರಲಿಲ್ಲ. ಭಾವ ಕೆಂಪು ಗುಂಡಿ ಒತ್ತಿ ಅದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟರು. "ನಿಂದು," ಎಂದರು. ನಾನು ಅವರಿಗೆ ಹೇಳಬೇಕೆಂದು ಮೂರು ತಿಂಗಳು ಮಾತು ಕೂಡಿಟ್ಟುಕೊಂಡಿದ್ದೆ. ಕ್ಲಿಪ್ಪನ್ನು ಮಿಷನ್ನಿನ ಮೇಲಿಟ್ಟು ಸೂಜಿಗೆ ದಾರ ಪೋಣಿಸಿದೆ.

ಬಕಲ್ಲು ಹೊರಗೆ ಬರುವಷ್ಟು ಕಿಂಡಿ ಬಿಟ್ಟು ಸುತ್ತ ಮಡಿಚಿ ಹೊಲಿದೆ. ಮುಗಿಸಿ ತಲೆ ಎತ್ತಿದರೆ ಅಕ್ಕ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಮನೆ ಎರಡೇ ಬೀದಿ ಆಚೆ, ಗೋಡೆ ಹಿಡಿದು ನಡೆದು ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಕ್ಲಿಪ್ಪು ನನ್ನ ಮಿಷನ್ನಿನ ಮೇಲೆಯೇ ಇತ್ತು.

"ಹತ್ತಿಸಿ ನನ್ನ," ಎಂದಳು.

ಇಬ್ಬರೂ ಸೇರಿ ಹತ್ತಿಸಿದೆವು. ಬೆಲ್ಟ್ ಎಳೆದುಕೊಂಡಳು. ತುದಿಯನ್ನು ಬಕಲ್ಲಿನ ಪಕ್ಕಕ್ಕೆ ಎರಡು ಸಲ ಚುಚ್ಚಿದಳು, ಮೂರನೆಯ ಸಲ ಟಕ್ ಎಂದು ಕೂತಿತು. ಕೈ ಬಿಟ್ಟು ನೋಡಿದಳು. ಬೆಲ್ಟು ಅವಳನ್ನು ತಾನಾಗಿ ಹಿಡಿದುಕೊಂಡಿತ್ತು.

"ಇಷ್ಟೇನಾ?" ಎಂದಳು.

ಅವಳು ಕಿಂಡಿಯ ಸುತ್ತಲಿನ ಹೊಸ ಹೊಲಿಗೆಯ ಮೇಲೆ ಬೆರಳಾಡಿಸಿದಳು. ನಿಧಾನಕ್ಕೆ ರೆಕ್ಸಿನ್ನಿನ ಅಂಚನ್ನು ತಿರುವಿ ಒಳಮೈಯನ್ನೂ ಸವರಿದಳು. "ಹೊಲಿಗೆ ನೇರ ಬಂದಿದೆ ಕಣೋ," ಎಂದಳು. ಆಮೇಲೆ ಗುಂಡಿ ಒತ್ತಿ ಬೆಲ್ಟು ಬಿಚ್ಚಿ, "ಇಳೀತೀನಿ," ಎಂದಳು. ನಮ್ಮಿಬ್ಬರ ಕೈಯನ್ನೂ ಹಿಡಿಯದೆ ಬಾಗಿಲು ಹಿಡಿದೇ ಇಳಿದಳು.

ಭಾವ ಈಗ ಏನು ಸಿಕ್ಕರೂ ಹೇರುತ್ತಾರೆ. ಸರಳು, ಕಲ್ಲು, ಒಡೆದ ಕಟ್ಟಡದ ಗೋಡೆ. ಆ ಗಾಡಿಯ ಮೇಲೆ ಉಗುರು ತಡೆಯದ ಜಾಗ ಹುಡುಕಿದರೂ ಸಿಗದು, ಅವರು ತಿರುಗಿಯೂ ನೋಡುವುದಿಲ್ಲ. ಅಕ್ಕ ಆಮೇಲೆ ಅದನ್ನು ಹತ್ತಲಿಲ್ಲ, ಬೇರೆ ಯಾರನ್ನೂ ಭಾವ ಅಲ್ಲಿ ಕೂರಿಸಿಕೊಳ್ಳಲಿಲ್ಲ. ಪಕ್ಕದ ಸೀಟೊಂದು ಮಾತ್ರ ಹೊಸದರ ಹಾಗೆಯೇ ಇದೆ.