ಶಿವರಂಜಿನಿ ಒತ್ತಿದ ಸೀಲು

ಎನ್.ಆರ್. ಕಾಲೋನಿಯ ಆ ಬೀದಿಯಲ್ಲಿ ಜರ್ಮನ್ ಬಲ್ಲವರೊಬ್ಬರಿದ್ದಾರೆ ಎಂಬುದನ್ನು ಬೀದಿಯೇ ಮರೆತುಬಿಟ್ಟಿತ್ತು. ಬೀದಿಯನ್ನು ದೂರಿ ಏನು ಬಂತು, ಶಿವರಂಜಿನಿಗೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಮೂವತ್ತೆರಡು ವರ್ಷ ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಕೈಪಿಡಿಗಳನ್ನು ಜರ್ಮನ್‌ನಿಂದ ಕನ್ನಡಕ್ಕೆ ತಂದವರು ಅವರು. ಪ್ರತಿ ಪುಟದ ಕೆಳಗೆ ಸಹಿ ಹಾಕಿ, 'ಅನುವಾದ ಮೂಲಕ್ಕೆ ಸರಿಯಾಗಿದೆ' ಎಂಬ ರಬ್ಬರ್ ಸೀಲು ಒತ್ತಬೇಕಿತ್ತು. ಒಂದು ಪದ ಆಚೀಚೆಯಾದರೆ ಯಾರದಾದರೂ ಬೆರಳು ಹೋಗುತ್ತಿತ್ತು, ಹುಡುಗಾಟವಲ್ಲ. ನಿವೃತ್ತಿಯ ದಿನ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಸೀಲನ್ನು ವಾಪಸ್ ಕೇಳಲು ಯಾರಿಗೂ ನೆನಪಾಗಲಿಲ್ಲ. ಅದು ಅವರ ಅಪ್ಪನ ಕಾಲದ ಬಾಡಿಗೆ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ ಬಿದ್ದಿತ್ತು.

ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಉಳಿದಿರಲಿಲ್ಲ, ಅಷ್ಟರಮಟ್ಟಿಗೆ ನೆಮ್ಮದಿ. ಆದರೆ ಮಾತಿಗೆ ಏನು ಮಾಡುವುದು? ಹಾಲಿನವನು ಪ್ಯಾಕೆಟ್ಟನ್ನು ಬಾಗಿಲಿಗೆ ತೂಗುಹಾಕಿ ಹೋಗುತ್ತಿದ್ದ. ದಿನಾ ಗಾಡಿ ನಿಲ್ಲಿಸಿ ಸೊಪ್ಪಿನ ಜೊತೆ ನಾಲ್ಕು ಮಾತು ಕೊಡುತ್ತಿದ್ದ ಮುನಿರಾಮಪ್ಪ ಮಂಡಿನೋವೆಂದು ವ್ಯಾಪಾರವನ್ನೇ ಬಿಟ್ಟ. ಕೆಲವು ದಿನ ಸಂಜೆ ಐದಾದರೂ ಬಾಯಿ ತೆರೆದಿಲ್ಲವೆಂಬುದು ಹೊಳೆದು, ಗಂಟಲು ಇದೆಯೋ ಇಲ್ಲವೋ ನೋಡೋಣವೆಂದು "ಐದ್ ಗಂಟೆ ಆಯ್ತು" ಎಂದು ಗಡಿಯಾರಕ್ಕೇ ಹೇಳಿದ್ದುಂಟು. ನಗಬೇಡಿ, ಒಂಟಿಯಾಗಿ ಇದ್ದವರನ್ನು ಕೇಳಿ ನೋಡಿ.

ಹೀಗಿರುವಾಗ ಮೂಲೆಯ ಹಳೇ ಬಂಗಲೆಯಲ್ಲಿ ಒಂದು ಕಾಫಿ ಅಂಗಡಿ ಶುರುವಾಯಿತು. ಹಸಿರು ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಶ್ಲಾಂಪೆ' ಎಂದು ಬರೆದಿತ್ತು. ಶಿವರಂಜಿನಿ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಅಯ್ಯೋ ರಾಮಾ! ಜರ್ಮನರು ಹೆಂಗಸರನ್ನು ಬೈಯುವ ಮಾತು ಅದು. ನಡತೆಗೆಟ್ಟವಳು ಅನ್ನುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ನಮ್ಮಲ್ಲಿ ನಲ್ಲಿ ನೀರಿನ ಜಗಳ ವಿಪರೀತಕ್ಕೆ ಹೋದಾಗ ಬರುವಂಥದ್ದು.

ಸೀದಾ ಒಳಗೆ ಹೋಗಿ ಮಾಲೀಕ ಪ್ರಸನ್ನನನ್ನು ಕೇಳಿಯೇ ಬಿಟ್ಟರು. ಮೂವತ್ತರ ಪ್ರಾಯ, ಜುಟ್ಟು ಬೇರೆ. ಒಂದು ಕ್ಷಣ ಅವನ ಮುಖ ಬಿಳಿಚಿತು, ಆಮೇಲೆ ನಕ್ಕ.

"ನಿಮ್ಗೆ ಜರ್ಮನ್ ಬರತ್ತಾ ಮೇಡಂ? ಟೂರ್ ಹೋದಾಗ ಒಂದ್ ಗೋಡೆ ಮೇಲೆ ನೋಡ್ದೆ, ತಮಾಷೆ ಅನ್ನಿಸ್ತು, ಇಟ್ಬಿಟ್ಟೆ. ಇಲ್ಲಿ ಯಾರಿಗ್ ಗೊತ್ತಾಗತ್ತೆ ಹೇಳಿ? ನಮ್ಮಿಬ್ರಲ್ಲೇ ಇರ್ಲಿ. ಆ ಕಿಟಕಿ ಪಕ್ಕದ ಕುರ್ಚಿ ಇದ್ಯಲ್ಲ, ಅದು ಇನ್ಮೇಲೆ ನಿಮ್ದೇ."

ಚೆನ್ನಾಗಿ ಉಗಿದು ಹೊರಟು ಬರಬೇಕಿತ್ತು. ಅಷ್ಟರಲ್ಲಿ ಅಲ್ಲಿ ಕೆಲಸಕ್ಕಿದ್ದ ಇಂಚರಾ ಎಂಬ ಹುಡುಗಿ ನೀರಿನ ಲೋಟ ತಂದಿಟ್ಟು, "ಕೂತ್ಕೊಳಿ ಆಂಟಿ. ನಿಮ್ ಹೆಸ್ರೇನು?" ಎಂದಳು. ಹೆಸರು ಕೇಳಿಸಿಕೊಂಡು ಎಷ್ಟು ಕಾಲವಾಗಿತ್ತು! ಹೇಳಿದರು. "ಅಷ್ಟುದ್ದ ಬೇಡ, ರಂಜು ಆಂಟಿ ಅಂತೀನಿ, ಆಯ್ತಾ?" ಎಂದು ಹುಡುಗಿ ನಕ್ಕಳು. ಅವಳ ಏಪ್ರನ್ನಿನ ಮೇಲೆ, ಸರಿಯಾಗಿ ಎದೆಯ ಮೇಲೆ, ಅದೇ ಪದ ದಪ್ಪಕ್ಷರದಲ್ಲಿತ್ತು. ಶಿವರಂಜಿನಿ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತರು.

ಏಳು ತಿಂಗಳು ಹಾಗೇ ಕುಳಿತರು. ಹತ್ತೂವರೆಗೆ ಹೋದರೆ, "ರಂಜು ಆಂಟಿ ಬಂದ್ರು! ಸ್ಟ್ರಾಂಗು, ಸಕ್ಕರೆ ಅರ್ಧ" ಎಂದು ಇಂಚರಾ ಒಳಕ್ಕೆ ಕೂಗುತ್ತಿದ್ದಳು. ಏನೂ ಹೇಳಬೇಕಾಗಿರಲಿಲ್ಲ. ಚಾಮರಾಜಪೇಟೆಯ ಹುಡುಗಿ, ಅಮ್ಮನೊಬ್ಬಳೇ ಅವಳಿಗೆ. ಅಮ್ಮನ ಬಿ.ಪಿ., ಬಸ್ಸಿನಲ್ಲಿ ಆದ ಜಗಳ, ಎಲ್ಲವನ್ನೂ ಬಂದು ಹೇಳುವಳು. ಒಂದು ದಿನ ಏಪ್ರನ್ ತೊಟ್ಟು ನಿಂತ ಫೋಟೋ ತೋರಿಸಿದಳು. "ಅಮ್ಮ ಇದನ್ನ ಸ್ಟೇಟಸ್ ಹಾಕ್ಕೊಂಡಿದಾಳೆ, ನೆಂಟ್ರಿಗೆಲ್ಲ ಕಳ್ಸಿದಾಳೆ. ಅದ್ಸರಿ, ಏನ್ ಅರ್ಥ ಆಂಟಿ ಇದು? ಸಾರ್ ಯಾವ್ದೋ ಹೂವಿನ್ ಹೆಸ್ರು ಅಂದ್ರು."

"ನಂಗೂ ಗೊತ್ತಿಲ್ಲಮ್ಮ" ಎಂದರು ಶಿವರಂಜಿನಿ.

ಮೂವತ್ತೆರಡು ವರ್ಷದಲ್ಲಿ ಒಂದು ಅಲ್ಪವಿರಾಮವನ್ನೂ ತಪ್ಪು ಹಾಕದ ಹೆಂಗಸು! ಅವತ್ತು ಕಾಫಿ ಕಹಿಯಾಯಿತು. ಆದರೂ ಮಾರನೆಯ ದಿನ ಹತ್ತೂವರೆಗೆ ಹೋದರು, ಹೋಗದಿದ್ದರೆ ಮನೆಯಲ್ಲಿ ಗಡಿಯಾರವೊಂದೇ.

ಗುಟ್ಟು ಎಷ್ಟು ದಿನ ನಿಂತೀತು? ಜರ್ಮನಿಯಲ್ಲಿ ನರ್ಸ್ ಕೆಲಸಕ್ಕೆಂದು ಭಾಷೆ ಕಲಿಯುತ್ತಿದ್ದ ಹುಡುಗಿಯೊಬ್ಬಳು ಬೋರ್ಡು ನೋಡಿ ಕಿಸಕ್ಕನೆ ನಕ್ಕಳು. ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಯಿತು. ಸಭೆ ಸೇರಿತು, ಬೋರ್ಡು ತೆಗೆಸಿ ಎಂದು ಪಾಲಿಕೆಗೆ ಅರ್ಜಿ ಬರೆಯಲಾಯಿತು, ಇನ್ನೂರು ಜನ ಸಹಿ ಹಾಕಿದರು. ಆದರೆ ಕಚೇರಿಯಲ್ಲಿ, ಫೋನಿನಲ್ಲಿ ನೋಡಿದ ಅರ್ಥವೆಲ್ಲ ನಡೆಯುವುದಿಲ್ಲ, ಬಲ್ಲವರ ಸಹಿ, ಸೀಲು ತನ್ನಿ ಎಂದರಂತೆ. ಆಗ ಎಲ್ಲರಿಗೂ ಶಿವರಂಜಿನಿ ನೆನಪಾದರು.

ನಿವಾಸಿಗಳ ಸಂಘದ ಕಾರ್ಯದರ್ಶಿ ರಾಘವನೂ, ಎದುರುಮನೆಯ ಅಂಬುಜಮ್ಮನೂ ಬಂದರು. ಈ ಮನೆಗೆ ಅವರು ಬಂದದ್ದೇ ಮೊದಲು. ಶಿವರಂಜಿನಿಗೆ ಸಂಭ್ರಮವೋ ಸಂಭ್ರಮ, ಒಳ್ಳೆಯ ಲೋಟಗಳನ್ನು ಹುಡುಕಿ ತೆಗೆದರು.

"ನೀನೊಬ್ಳೇ ಕಣಮ್ಮ ಈಗ ಬೀದಿ ಮಾನ ಉಳಿಸ್ಬೇಕಾದವ್ಳು" ಎಂದರು ಅಂಬುಜಮ್ಮ.

ಬೀದಿಯ ಮಾನ! ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಜರ್ಮನಿಯ ಇಂಜಿನಿಯರುಗಳು ಯಂತ್ರ ಕೂರಿಸಲು ಬಂದಿದ್ದರು. ಕೆಲಸ ತಡವಾದ ದಿನ ಕಾರ್ಖಾನೆಯ ಜೀಪು ಶಿವರಂಜಿನಿಯನ್ನು ಮನೆಗೆ ಬಿಟ್ಟು ಹೋಗುತ್ತಿತ್ತು. ಒಂದು ಬೆಳಗ್ಗೆ ಹಾಲಿನ ಬೂತಿನ ಸಾಲಿನಲ್ಲಿ, ಕೇಳಿಸಲಿ ಎಂದೇ, ಇದೇ ಅಂಬುಜಮ್ಮ ಬೋರ್ಡಿನ ಮೇಲಿನ ಆ ಮಾತನ್ನೇ ಆಡಿದ್ದರು, ಅಪ್ಪಟ ಕನ್ನಡದಲ್ಲಿ. ಅಪ್ಪ ಒಂದು ವಾರ ಹೊಸ್ತಿಲು ದಾಟಲಿಲ್ಲ. ಬರಬೇಕಿದ್ದ ಗಂಡಿನ ಕಡೆಯವರೂ ಬರಲಿಲ್ಲ.

ಕಾಗದ ಮುಂದಿತ್ತು. ಸೀಲು ಒತ್ತಿದರೆ ಕಿಟಕಿಯ ಕುರ್ಚಿ ಹೋಯಿತು, 'ರಂಜು ಆಂಟಿ' ಹೋಯಿತು. ಕಣ್ಣು ಸರಿಯಿಲ್ಲ, ಭಾಷೆ ಮರೆತಿದೆ ಎಂದು ಸಾಗಹಾಕಬಹುದಿತ್ತು. ಆದರೆ ಇಂಚರಾಳ ಅಮ್ಮ ನೆಂಟರಿಗೆಲ್ಲ ಕಳಿಸಿದ ಫೋಟೋ ಕಣ್ಣ ಮುಂದೆ ಬಂತು. ನನ್ನ ಬೆನ್ನಿಗೆ ಬಿದ್ದ ಮಾತನ್ನು ಆ ಮಗು ತಿಳಿಯದೆ ಏಳು ತಿಂಗಳು ಎದೆಯ ಮೇಲೆ ಹೊತ್ತು ತಿರುಗಿತು, ನಾನು ಎದುರಿಗೇ ಕೂತು ಕಾಫಿ ಕುಡಿದೆ. ಥೂ ನನ್ನ ಜನ್ಮಕ್ಕೆ, ಎನ್ನಿಸಿತು. ಅರ್ಥವನ್ನು ಒಂದಿಷ್ಟೂ ಮೆದು ಮಾಡದೆ ಬರೆದರು. ಸಹಿ ಹಾಕಿ, ಸೀಲು ಒತ್ತಿದರು.

ಅಂಬುಜಮ್ಮ ಓದಿ ಕಿವಿ ಮುಚ್ಚಿಕೊಂಡರು. "ಶಿವ ಶಿವಾ! ಇಂಥಾ ಮಾತು ನಮ್ ಬೀದೀಲಿ ಯಾರ್ ಬಾಯಲ್ಲೂ ಬಂದಿಲ್ಲಮ್ಮ."

"ಬಂದಿದೆ ಅಂಬುಜಮ್ಮ. ಹಾಲಿನ್ ಬೂತ್ ಹತ್ರ, ನೀವೇ ಅಂದಿದ್ರಿ. ನನ್ನ ನೋಡಿ."

"ನಾನಾ? ಯಾವಾಗ? ನಂಗೆ ನೆನಪೇ ಇಲ್ವಲ್ಲೇ!"

ನಾಟಕವಲ್ಲ, ಮುದುಕಿಗೆ ನಿಜವಾಗಿಯೂ ನೆನಪಿರಲಿಲ್ಲ. ಅದೇ ಹೊಟ್ಟೆ ಉರಿಸಿತು. ರಾಘವ ಕೆಮ್ಮಿ ಕಾಗದ ಮಡಚಿಕೊಂಡ. ಇಬ್ಬರೂ ಹೋದರು, ಮತ್ತೆ ಬರಲಿಲ್ಲ.

ಎರಡು ವಾರದಲ್ಲಿ ಬೋರ್ಡು ಇಳಿಯಿತು, 'ಮೂಲೆಮನೆ ಕಾಫಿ' ಎಂಬ ಹೊಸದು ಏರಿತು. ಬೀದಿ ಲಾಡು ಹಂಚಿತು. ಶಿವರಂಜಿನಿ ಇನ್ನೂ ನಾಲ್ಕು ದಿನ ತಡೆದು, ಐದನೆಯ ದಿನ ಹತ್ತೂವರೆಗೆ ಹೋದರು. ಪ್ರಸನ್ನ ಮುಖ ತಿರುಗಿಸಿಕೊಂಡ. ಕಿಟಕಿಯ ಕುರ್ಚಿ ಖಾಲಿಯೇ ಇತ್ತು. ಕುಳಿತರು.

ಇಂಚರಾ ಬಂದಳು. ಏಪ್ರನ್ ಹೊಸದು, ಬರೀ ಹಸಿರು.

"ಆ ಕಾಗದದ ಮೇಲಿನ್ ಸೀಲು ನಿಮ್ದಾ?"

"ಹೂಂ."

"ನಾನ್ ಕೇಳ್ದಾಗ ಗೊತ್ತಿಲ್ಲ ಅಂದ್ರಿ."

"ಹೇಳಿದ್ರೆ ಇಲ್ಲಿಗ್ ಬರೋ ಹಾಗಿರ್ಲಿಲ್ಲ ಕಣಮ್ಮ" ಎಂದರು ಶಿವರಂಜಿನಿ. "ನೀನೊಬ್ಳೇ ನನ್ನ ಮಾತಾಡಿಸ್ತಿದ್ದಿದ್ದು. ತಪ್ಪಾಯ್ತು."

ಹುಡುಗಿ ಕಿಟಕಿಯಾಚೆ ನೋಡಿದಳು. ಕಣ್ಣು ತುಂಬಿತ್ತು. ಆಮೇಲೆ ಜೇಬಿನಿಂದ ಆರ್ಡರ್ ಬರೆಯುವ ಪುಸ್ತಕ ತೆಗೆದಳು, ಈ ಟೇಬಲ್ಲಿನಲ್ಲಿ ಅದನ್ನು ಎಂದೂ ತೆಗೆದಿರಲಿಲ್ಲ.

"ಏನ್ ಬೇಕು ಮೇಡಂ?"

"ಕಾಫಿ" ಎಂದರು ಶಿವರಂಜಿನಿ. "ಸ್ಟ್ರಾಂಗು. ಸಕ್ಕರೆ ಅರ್ಧ."

ಇಂಚರಾ ಅದನ್ನು ಬರೆದುಕೊಂಡಳು.