ತಾತನ ಅಂಗಡಿಯ ಕನ್ನಡಿ

ಮೊಮ್ಮಗ ಅಂಗಡಿಗೆ ಸಿಸಿಟಿವಿ ಹಾಕಿಸಿ, ಮೊನ್ನೆ ನನ್ನನ್ನು ಕರೆದು ತೋರಿಸಿದ. "ಊರ್ಗೆಲ್ಲಾ ಕಾಣೋ ಟೀವಿ ಅಲ್ಲ ಕಣಜ್ಜಿ ಇದು. ಅಂಗ್ಡೀಲಿ ಯಾರ್ ಏನ್ ಮಾಡುದ್ರೂ ನಮ್ಗೆ ಮಾತ್ರ ಕಾಣ್ತದೆ," ಎಂದ.

ನಾನು ಚಿಕ್ಕವಳಿದ್ದಾಗ ಭೇರ್ಯದಲ್ಲಿ ನನ್ನ ತಾತನದೂ ದಿನಸಿ ಅಂಗಡಿಯಿತ್ತು. ಎಲ್ಲಿ ಮುಟ್ಟಿದರೂ ಬೆಲ್ಲದ ಜಿಗುಟು, ಕಡಲೆಕಾಯಿ ಎಣ್ಣೆಯ ವಾಸನೆ. ತಾತ ವಿಭೂತಿ ಹಚ್ಚಿಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ, ಎದುರಿಗೆ ಓರೆಯಾಗಿ ಕಟ್ಟಿದ್ದ ಕನ್ನಡಿಯಲ್ಲಿ ಮೂಟೆಗಳ ಹಿಂದೆ ನಿಂತವರೂ ಕಾಣುತ್ತಿದ್ದರು.

ಒಂದು ಸಂತೆಯ ದಿನ, ನಾಟಿ ಕೆಲಸಕ್ಕೆ ಹೋಗುತ್ತಿದ್ದ ಹೊನ್ನಮ್ಮ ಮೂಟೆಗಳ ಮರೆಗೆ ಸರಿದು ಸೆರಗಿನೊಳಗೆ ಕೈ ಹಾಕಿದಳು. ಕನ್ನಡಿಯಲ್ಲಿ ಅದನ್ನು ಕಂಡ ತಾತ ತುಂಬಿದ ಅಂಗಡಿಯಲ್ಲೇ ಕೇಳಿದರು: "ಏನಮ್ಮಿ ಬಚ್ಚಿಟ್ಕಂಡೆ? ತೆಗಿ ಆಚ್ಗೆ."

ಹೊನ್ನಮ್ಮ ತಲೆ ತಗ್ಗಿಸಿ ಅಂಗೈ ಬಿಚ್ಚಿದಳು. ಅದರಲ್ಲಿ ಒಂದು ಜಾಲಿಮುಳ್ಳಿತ್ತು.

"ರವ್ಕೆ ಅರ್ದೋಗಿತ್ತು ಬುದ್ಧಿ. ಚುಚ್ಕತಿದ್ದೆ."

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದ ನನಗೆ ಆ ತಾತನ ಮೊಮ್ಮಗಳಾಗಿರುವುದಕ್ಕೇ ನಾಚಿಕೆಯಾಯಿತು. ತಾತ ಅವಳ ಸಾಮಾನಿನ ಜೊತೆಗೆ ಒಂದು ತುಂಡು ಬೆಲ್ಲ ಹೆಚ್ಚಿಗೆ ಇಟ್ಟರು. ಅವಳು ಅದನ್ನು ಅಲ್ಲೇ ಬಿಟ್ಟು ಹೋದಳು. ಮತ್ತೆಂದೂ ನಮ್ಮ ಅಂಗಡಿಗೆ ಬರಲಿಲ್ಲ.

ಮೊಮ್ಮಗ ನನ್ನ ಹೊಗಳಿಕೆಗೆ ಕಾಯುತ್ತಿದ್ದ.

"ಚೆನ್ನಾಗದೆ ಕಣಪ್ಪ," ಎಂದೆ. "ಯಾರ್‍ನಾರಾ ಏನಾರಾ ಕೇಳೋದಿದ್ರೆ ಪಕ್ಕುಕ್ಕೆ ಕರ್ದು, ಮೆಲ್ಲುಗೆ ಕೇಳು."