ಸಾರ್, ತಂಗಿ ಕಾಣ್ತಿಲ್ಲ

ಹೋದ ಭಾನುವಾರ ಸಂಜೆ ಐದೂಕಾಲಿಗೆ ನಮ್ಮನೆ ಕಾಲಿಂಗ್ ಬೆಲ್ ಬಡಿದುಕೊಂಡಿತು. ಬಾಗಿಲು ತೆಗೆದರೆ ಮಹಡಿ ಮೇಲಿನ ಪಾರ್ವತಿ. ಕೈಯಲ್ಲೊಂದು ನೋಟ್‌ಬುಕ್. ಅದರಲ್ಲಿ ಮೂರೇ ಪದ: "ಸಾರ್, ತಂಗಿ ಕಾಣ್ತಿಲ್ಲ."

ಗಾಬರಿಯಾಗಬೇಡಿ. ತಂಗಿ ಎಲ್ಲೂ ಕಳೆದುಹೋಗಿರಲಿಲ್ಲ. ಹುಬ್ಬಳ್ಳಿಯ ತನ್ನ ಮನೆಯಲ್ಲಿ, ಕಂಪ್ಯೂಟರ್ ಮುಂದೆ, ತುಂಬು ಗರ್ಭಿಣಿ ಕೂತೇ ಇದ್ದಳು. ಇಲ್ಲಿನ ಪರದೆ ಮೇಲೆ ಮಾತ್ರ ಕಾಣುತ್ತಿರಲಿಲ್ಲ.

ಪಾರ್ವತಿ ಲಕ್ಷ್ಮೀಪುರಂನ ನಮ್ಮ ಮನೆ ಮಹಡಿಯಲ್ಲಿ ಎರಡು ವರ್ಷದಿಂದ ಬಾಡಿಗೆಗಿದ್ದಾರೆ. ಬ್ಲೌಸ್ ಹೊಲಿಯುತ್ತಾರೆ. ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ. ತಂಗಿ ಗೀತಾಳದೂ ಅದೇ ಕತೆ. ಅಕ್ಕ ತಂಗಿ ಮಾತಾಡುವುದು ಕೈಯಲ್ಲಿ. ಹಾಗಾಗಿ ಇಷ್ಟು ವರ್ಷ ಇಬ್ಬರಿಗೂ ಫೋನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬ್ರಾಡ್‌ಬ್ಯಾಂಡ್ ಬಂತು ನೋಡಿ, ನಮ್ಮ ಮೋಡೆಮ್‌ನಿಂದ ಒಂದು ವೈರನ್ನು ಕಿಟಕಿಯಾಚೆ ಮೇಲಕ್ಕೆ ಎಳೆದುಕೊಟ್ಟೆ. ಅವರೊಂದು ಹಳೇ ಕಂಪ್ಯೂಟರು, ಒಂದು ವೆಬ್‌ಕ್ಯಾಮ್ ತಂದುಕೊಂಡರು. ಅಂದಿನಿಂದ ದಿನಾ ಸಂಜೆ ಐದಕ್ಕೆ ಮೈಸೂರಿನ ಕೈಗಳು ಹುಬ್ಬಳ್ಳಿಯ ಕೈಗಳ ಜತೆ ಹರಟುತ್ತಿದ್ದವು.

ಭಾನುವಾರ ಅದು ನಿಂತುಹೋಯಿತು.

"ಏನೋ ಲೈನ್ ಪ್ರಾಬ್ಲಮ್ ಇರಬೇಕು" ಎಂದು ಬರೆದುಕೊಟ್ಟೆ. ಇದು ನಮ್ಮ ರಾಷ್ಟ್ರೀಯ ಉತ್ತರ ತಾನೇ?

ಸೋಮವಾರ ಹೆಲ್ಪ್‌ಲೈನಿಗೆ ಫೋನ್ ಹಚ್ಚಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಮೋಡೆಮ್ ಆಫ್ ಮಾಡಿ ಆನ್ ಮಾಡಿ ಸರ್."

"ಮೂರು ಸಲ ಮಾಡಿದೆನಮ್ಮ."

"ಹಸಿರು ಲೈಟ್ ಬರ್ತಾ ಇದ್ಯಾ ಸರ್?"

"ಬರ್ತಿದೆ. ವೆಬ್‌ಸೈಟೂ ಬರ್ತಿದೆ, ಈ‌ಮೇಲೂ ಬರ್ತಿದೆ. ವೀಡಿಯೋ ಬರ್ತಿಲ್ಲ."

"ಲೈಟ್ ಬರ್ತಿದೆ ಅಂದ್ರೆ ನೆಟ್ ಸರಿ ಇದೆ ಸರ್."

"ಅವರಿಗೆ ಎದುರಿನವರ ಮುಖ ಕಾಣಬೇಕಮ್ಮ, ಕೈ ಕಾಣಬೇಕು!"

"ಅಲ್ಲೀವರೆಗೂ ಫೋನಲ್ಲಿ ಮಾತಾಡೋಕೆ ಹೇಳಿ ಸರ್."

ನನಗೆ ರೇಗಿತು. ಎಷ್ಟು ರೇಗಿತೆಂದರೆ, ದೂರವಾಣಿ ಕಚೇರಿಗೆ ಒಂದೂವರೆ ಪುಟದ ದೂರು ಬರೆದು, 'ಘೋರ ನಿರ್ಲಕ್ಷ್ಯ' ಎಂಬ ಪದವನ್ನು ಎರಡು ಸಲ ಬಳಸಿ, ನಾನೇ ಹೋಗಿ ಕೊಟ್ಟುಬಂದೆ. (ಸೀಲ್ ಹಾಕಿಸಿಕೊಂಡೆ. ಬಿಡುತ್ತೇನೆಯೇ?)

ಮಂಗಳವಾರ ಲೈನ್‌ಮನ್ ಮಹದೇವ ಬಂದ. ಕುಂಬಾರಕೊಪ್ಪಲಿನವನು, ನಮ್ಮ ಬೀದಿಯ ತಂತಿಗಳನ್ನೆಲ್ಲ ಹೆಸರು ಹಿಡಿದು ಕರೆಯಬಲ್ಲವನು. ಉರಿಬಿಸಿಲಲ್ಲಿ ಕಂಬ ಹತ್ತಿದ, ಇಳಿದ. ಮನೆಯೊಳಗಿನ ವೈರ್ ಬಿಚ್ಚಿ ಟೆಸ್ಟ್ ಮಾಡಿದ. ಮತ್ತೆ ಕಂಬ ಹತ್ತಿದ. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತ.

"ಲೈನು ಕ್ಲೀನಾಗದೆ ಸಾರ್. ನೀವೇನಾದ್ರೂ ಮೋಡೆಮ್ ಒಳಗಡೆ ಸೆಟ್ಟಿಂಗ್ ಮುಟ್ಟುದ್ರಾ?"

"ನಾನಾ? ಇಲ್ಲಪ್ಪ!"

"ಅಂಗಾರೆ ಗೊತ್ತಾಗ್ತಾ ಇಲ್ಲ ಬುಡಿ" ಎಂದು ಹೊರಟುಹೋದ. ಪಾರ್ವತಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

ಈಗ ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಮುಟ್ಟಿದ್ದೆ. ಭಾನುವಾರ ಬೆಳಿಗ್ಗೆಯೇ ಮುಟ್ಟಿದ್ದೆ.

ವಾಕಿಂಗ್ ಹೋಗುವಾಗ ಜತೆಯವರೊಬ್ಬರು, "ನಿಮ್ಮ ಮೋಡೆಮ್‌ಗೆ ಫೈರ್‌ವಾಲ್ ಹಾಕಿದ್ದೀರಾ? ಇಲ್ವಾ? ಅಯ್ಯೋ ರಾಮ! ಯಾರು ಬೇಕಾದ್ರೂ ನುಗ್ಗಬಹುದು ಕಣ್ರೀ" ಎಂದು ಹೆದರಿಸಿದ್ದರು. ಮನೆಗೆ ಬಂದವನೇ 192.168.1.1 ಎಂದು ಟೈಪ್ ಮಾಡಿ ಮೋಡೆಮ್ಮಿನ ಹೊಟ್ಟೆಯೊಳಗೆ ಇಳಿದೆ. ಹೆಸರು ಕೇಳಿತು, ಅಡ್ಮಿನ್. ಪಾಸ್‌ವರ್ಡ್ ಕೇಳಿತು, ಅದೂ ಅಡ್ಮಿನ್. (ಊರಿಗೆಲ್ಲ ಒಂದೇ ಬೀಗದಕೈ!) ಒಳಗೆ ಫೈರ್‌ವಾಲ್ ಎಂಬ ಪುಟ. ಲೋ, ಮೀಡಿಯಂ, ಹೈ. ಹೈ ಇರುವಾಗ ಲೋ ಯಾರಾದರೂ ಒತ್ತುತ್ತಾರೆಯೇ? ಹೈ ಒತ್ತಿ, ಎದೆ ಉಬ್ಬಿಸಿಕೊಂಡು ಕಾಫಿ ಕುಡಿದೆ.

ನನ್ನ ಕಂಪ್ಯೂಟರಿನಲ್ಲಿ ಕದಿಯಲು ಇದ್ದದ್ದಾದರೂ ಏನು? ಇಂಥವೇ ಅಂಕಣಗಳ ಕರಡು. ಅದನ್ನು ಕದ್ದವನನ್ನು ಕರೆದು ಸನ್ಮಾನ ಮಾಡಬೇಕು.

ಮಹದೇವ ಕೇಳಿದ ಕ್ಷಣವೇ ನನಗೆ ಅನುಮಾನ ಬಂತು, ನಿಜ. ಆದರೆ ಸೀಲ್ ಬಿದ್ದ ಒಂದೂವರೆ ಪುಟ ಇತ್ತಲ್ಲ, 'ಘೋರ ನಿರ್ಲಕ್ಷ್ಯ' ಇತ್ತಲ್ಲ! ಈಗ ಹೋಗಿ 'ನಂದೇ ತಪ್ಪು' ಅನ್ನುವುದು ಹೇಗೆ? ಇರಲಿಕ್ಕಿಲ್ಲ, ಫೈರ್‌ವಾಲ್ ಇರುವುದು ಕಳ್ಳರಿಗೆ, ತಂಗಿಯರಿಗಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ದಿನವೂ ಐದು ಗಂಟೆ ಕಳೆದುಹೋಯಿತು.

ಬುಧವಾರ ಮಧ್ಯಾಹ್ನ ಮೂರೂವರೆಗೆ ಪಾರ್ವತಿ ಮತ್ತೆ ಬಂದರು. ಈ ಸಲ ನೋಟ್‌ಬುಕ್ ಇಲ್ಲ, ಮೊಬೈಲ್ ಚಾಚಿದರು. ಇಂಗ್ಲಿಷ್ ಅಕ್ಷರದಲ್ಲಿ ಗೀತಾಳ ಕನ್ನಡ ಎಸ್ಸೆಮ್ಮೆಸ್. ನಾಳೆ ಆಸ್ಪತ್ರೆ. ಭಯ.

ಏಳು ವರ್ಷ ಕಾದ ಬಸಿರು. ಹೊರಟುಬಿಡೋಣವೆಂದರೆ ಪಾರ್ವತಿಗೆ ರೈಲಿನ ಟಿಕೆಟ್ ಸಿಕ್ಕಿದ್ದು ಶನಿವಾರಕ್ಕೆ. 'ಭಯ' ಎಂದು ಬಂದ ಎಸ್ಸೆಮ್ಮೆಸ್ಸಿಗೆ ವಾಪಸ್ ಏನೆಂದು ಒತ್ತುವುದು? ನಾವಾದರೆ ಫೋನ್ ಮಾಡಿ, "ಏನಾಗಲ್ಲ ಸುಮ್ನಿರೇ" ಎಂದು ಗದರುತ್ತೇವೆ. ಗದರುವ ದನಿಯಲ್ಲೇ ಧೈರ್ಯ ಇರುತ್ತದೆ. ಅವರಿಗೆ ಆ ದನಿ ಇರುವುದು ಕೈಯಲ್ಲಿ, ಮುಖದಲ್ಲಿ.

ನಾನು ಕಂಪ್ಯೂಟರ್ ಮುಂದೆ ಕೂತೆ. ಹೈ ತೆಗೆದು ಮೀಡಿಯಂ ಮಾಡಿದೆ. ವೀಡಿಯೋ ಬರಲಿಲ್ಲ. ಪಕ್ಕದಲ್ಲಿ ಇನ್ನೊಂದು ಪುಟ ಕಂಡಿತು, ಅಲ್ಲೊಂದು ಟಿಕ್ ಮಾರ್ಕ್ ಇತ್ತು, ತೆಗೆದೆ. ಅಷ್ಟೇ. ವೆಬ್‌ಸೈಟ್ ಹೋಯಿತು, ಈಮೇಲ್ ಹೋಯಿತು, ಮೋಡೆಮ್ಮಿನ ಆ ಪುಟವೂ ತೆರೆಯದಾಯಿತು. ಒಳಗೆ ಹೋಗಿ ಚಿಲಕ ಹಾಕಿ, ಕಿಟಕಿಯಿಂದ ಹೊರಗೆ ಹಾರಿದವನ ಸ್ಥಿತಿ ನನ್ನದು.

"ಏನ್ರೀ ಮಾಡಿದ್ರಿ?" ಹೆಂಡತಿ ಸುಧಾ ಹಿಂದೆಯೇ ನಿಂತಿದ್ದಳು.

"ಏನಿಲ್ಲ ಕಣೇ, ಸೆಟ್ಟಿಂಗ್..."

"ನಿಮ್ಮ ಸೆಟ್ಟಿಂಗಿಗೆ ಬೆಂಕಿ ಹಾಕ! ಆ ಹುಡುಗಿ ಮುಖ ನೋಡ್ರೀ ಒಂದ್ಸಲ."

ನೋಡಿದೆ. ನೋಡಬಾರದಿತ್ತು.

ಹೆಲ್ಪ್‌ಲೈನಿನಲ್ಲಿ ಮತ್ತೆ ಸಂಗೀತ. ಅದೃಷ್ಟಕ್ಕೆ ಈ ಸಲ ಸಿಕ್ಕಿದವನು ತಿಳಿದವನು. "ಹಿಂದ್ಗಡೆ ಸಣ್ಣ ತೂತಿದೆ ನೋಡಿ ಸರ್, ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಎಲ್ಲಾ ಸೆಟ್ಟಿಂಗ್ ಅಳಿಸಿ, ಮೊದಲಿನಂಗೆ ಆಗತ್ತೆ. ನಿಮ್ಮ ಯೂಸರ್ ಐಡಿ, ಪಾಸ್‌ವರ್ಡ್ ಮತ್ತೆ ಹಾಕ್ಬೇಕು, ಇಟ್ಕೊಂಡಿದ್ದೀರಲ್ವಾ?"

ಇಟ್ಟುಕೊಂಡಿದ್ದೆ. ಎಲ್ಲಿ?

ಸುಧಾ ಬೀರು ತಡಕಿದಳು, ಗ್ಯಾಸ್ ಪುಸ್ತಕ ಕೊಡವಿದಳು. ಅದರೊಳಗೇ ಇತ್ತು ಆ ಚೀಟಿ. ಅಷ್ಟರಲ್ಲಿ ತೂತಿಗೆ ತಕ್ಕ ಪಿನ್ ಇಲ್ಲವೆಂದು ನಾನು ಪರದಾಡುತ್ತಿದ್ದರೆ, ಪಾರ್ವತಿ ಸೆರಗಿನ ಪಿನ್ ಬಿಚ್ಚಿ, ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಒತ್ತಿ ಹಿಡಿದರು. ಹತ್ತು ಸೆಕೆಂಡ್. ಲೈಟುಗಳೆಲ್ಲ ಆರಿದವು. ಒಂದೊಂದಾಗಿ ಹತ್ತಿದವು. ಚೀಟಿಯಲ್ಲಿದ್ದದ್ದು ಸೊನ್ನೆಯೋ 'ಓ' ಅಕ್ಷರವೋ ಎಂದು ಎರಡು ಸಲ ಎಡವಿ, ಮೂರನೇ ಸಲ ನೆಟ್ ಬಂತು. ಐದೂ ಹತ್ತು.

ಎಲ್ಲರೂ ಮೇಲಕ್ಕೆ ಓಡಿದೆವು.

ಪರದೆ ಕಪ್ಪಗಿತ್ತು. ಆಮೇಲೆ ಚೌಕ ಚೌಕವಾಗಿ ಒಂದು ಮುಖ ಕೂಡಿಕೊಂಡಿತು. ಗೀತಾ. ಕಣ್ಣು ಊದಿತ್ತು. ಅಕ್ಕನನ್ನು ಕಂಡವಳೇ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ಪಾರ್ವತಿಯ ಕೈಗಳು ಹಾರತೊಡಗಿದವು. ಬೈಯುತ್ತಿದ್ದರೋ, ಮುದ್ದಿಸುತ್ತಿದ್ದರೋ ನಮಗೆ ತಿಳಿಯಲಿಲ್ಲ. ತಂಗಿ ಅತ್ತಳು, ಆಮೇಲೆ ನಕ್ಕಳು. ಸುಧಾ ನನ್ನ ತೋಳು ಹಿಡಿದು ಕೆಳಕ್ಕೆ ಎಳೆದುಕೊಂಡು ಬಂದಳು.

ಗುರುವಾರ ರಾತ್ರಿ ಗೀತಾಳಿಗೆ ಹೆಣ್ಣುಮಗು. ಇಬ್ಬರೂ ಆರೋಗ್ಯ. ನಾನು ಮೋಡೆಮ್ಮಿನ ಪಾಸ್‌ವರ್ಡ್ ಒಂದನ್ನು ಬದಲಾಯಿಸಿ (ಮೊದಲು ಮಾಡಬೇಕಿದ್ದದ್ದು ಅದೇ), ಮಿಕ್ಕ ಯಾವುದಕ್ಕೂ ಕೈ ಹಾಕಲಿಲ್ಲ. ದೂರು ವಾಪಸ್ ಪಡೆದೆ. ಮಹದೇವನಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. "ಓಗ್ಲಿ ಬುಡಿ ಸಾರ್" ಎಂದು ನಕ್ಕುಬಿಟ್ಟ.

ಶನಿವಾರ ಪಾರ್ವತಿ ಹುಬ್ಬಳ್ಳಿಗೆ ಹೊರಟರು. ಹೊರಡುವ ಮುಂಚೆ ಅವರ ನೋಟ್‌ಬುಕ್ ಇಸಿದುಕೊಂಡು ಬರೆದೆ: "ತಪ್ಪು ಲೈನಿನದ್ದಲ್ಲ. ನಾನೇ ಸೆಟ್ಟಿಂಗ್ ಬದಲಾಯಿಸಿದ್ದೆ. ಕ್ಷಮಿಸಿ."

ಓದಿ, ನಕ್ಕು, ಕೆಳಗೆ ಬರೆದರು: "ಗೊತ್ತು ಸಾರ್. ಲೈನ್‌ಮನ್ ಕೇಳಿದಾಗ ನಿಮ್ಮ ಮುಖ ನೋಡಿದೆ."

ಮಂಗಳವಾರವೇ ಗೊತ್ತಿತ್ತು! ಇನ್ನೂ ಒಂದು ದಿನ ಒಳಗೊಳಗೇ ಬೇಯುವ ಬದಲು ಕೇಳಬಹುದಿತ್ತಲ್ಲ? "ಮತ್ತೆ ಯಾಕೆ ಹೇಳಲಿಲ್ಲ?" ಎಂದು ಬರೆದೆ.

ಅವರು ನೋಟ್‌ಬುಕ್ ವಾಪಸ್ ತೆಗೆದುಕೊಂಡರು. ಆಮೇಲೆ ಬರೆದರು:

"ನೀವು ಓನರು ಸಾರ್."